ಎಚ್ಚರಿಕೆ ಯಾರಿಗೆ? ವಿಗ್ರಹಾರಾಧನೆಯ ಬಗ್ಗೆ ಬೈಬಲ್ ಹೇಳುವುದೇನು

ಸೀನಾಯಿ ಬೆಟ್ಟದ ಬುಡದಲ್ಲಿ ಚಿನ್ನದ ಕರು ನಿಂತ ಮೇಲೆ ಆರೋನ ಜನರಿಗೆ ಸಾರಿದ ಮಾತು ಇದು: ನಾಳೆ ಯೆಹೋವನಿಗೆ ಹಬ್ಬ. ವಿಮೋಚನಕಾಂಡದ 32ನೇ ಅಧ್ಯಾಯವನ್ನು ಎಷ್ಟೋ ಸಲ ಕೇಳಿದವರು ಕೂಡ ಅದರ ಐದನೇ ವಚನವನ್ನು ಗಮನಿಸದೆ ದಾಟಿಬಿಡುತ್ತಾರೆ. ಇಸ್ರಾಯೇಲ್ಯರು ತಮ್ಮ ದೇವರನ್ನು ಬಿಟ್ಟು ಇನ್ಯಾವುದೋ ದೇವರ ಹಿಂದೆ ಹೋದರು, ಅದಕ್ಕೆ ಶಿಕ್ಷೆಯಾಯಿತು ಎಂದಷ್ಟೇ ಕಥೆ ನಮ್ಮ ನೆನಪಿನಲ್ಲಿ ಉಳಿದಿರುತ್ತದೆ. ಆದರೆ ಆ ಹಬ್ಬ ನಡೆದದ್ದು ಅವರನ್ನು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿ ತಂದ ದೇವರ ಹೆಸರಿನಲ್ಲೇ. ಯಜ್ಞ ಮಾಡಿದವರು ಆ ದೇವರ ಜನರೇ, ಮುಂದೆ ನಿಂತು ನಡೆಸಿದವನು ಮುಂದೆ ಮಹಾಯಾಜಕನಾಗಲಿದ್ದ ಆರೋನನೇ.

ಈ ವಚನವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಬೈಬಲಿನ ಎಚ್ಚರಿಕೆಗಳು ಬೇರೆ ರೀತಿಯಲ್ಲಿ ಕೇಳಿಸತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಮಾತುಗಳು ದೇವರನ್ನು ಆಗಲೇ ನಂಬಿದವರಿಗೆ, ಪ್ರಾರ್ಥನೆ ತಪ್ಪಿಸದವರಿಗೆ, ಹಬ್ಬಗಳನ್ನು ಚಾಚೂತಪ್ಪದೆ ಆಚರಿಸುವವರಿಗೆ ಹೇಳಿದವು. ಇದನ್ನು ಮರೆತಾಗ ಅದೇ ವಚನಗಳು ಪಕ್ಕದ ಮನೆಯವರ ದೇವರನ್ನು ಹಳಿಯಲು ಬಳಕೆಯಾಗುತ್ತವೆ. ಅಂಥ ಬಳಕೆ ನಮ್ಮ ನಡುವೆಯೂ ಇದೆ. ಅದು ನೋವಿನ ಸಂಗತಿ, ಗ್ರಂಥಕ್ಕೆ ಮಾಡುವ ಅನ್ಯಾಯವೂ ಹೌದು.

ಕರುವಿನ ಕಥೆಗೆ ಇನ್ನಷ್ಟು ಹತ್ತಿರ ಹೋಗೋಣ. ಅವರ ನಾಯಕ ಮೋಶೆ ಬೆಟ್ಟದ ಮೇಲೆ 40 ಹಗಲು 40 ರಾತ್ರಿ ಇದ್ದ. ಕೆಳಗೆ ಮರಳುಗಾಡಿನಲ್ಲಿ ಕಾಯುತ್ತಿದ್ದವರಿಗೆ ದಿಗಿಲು ಹುಟ್ಟಿತು. ನಮ್ಮ ಮುಂದೆ ನಡೆಯುವ ದೇವರನ್ನು ಮಾಡಿಕೊಡು ಎಂದು ಆರೋನನ ಸುತ್ತ ಕೂಡಿದರು. ಅವನು ಅವರ ಕಿವಿಯ ಚಿನ್ನದ ಓಲೆಗಳನ್ನು ಕೇಳಿದ. ಅದು ಐಗುಪ್ತ ಬಿಟ್ಟು ಹೊರಡುವಾಗ ಅಲ್ಲಿನವರಿಂದ ಪಡೆದು ತಂದಿದ್ದ ಚಿನ್ನ, ಅಂದರೆ ಬಿಡುಗಡೆಯ ಗುರುತು. ಅದನ್ನು ಕರಗಿಸಿದಾಗ ಬಂದದ್ದು ಹೋರಿಕರುವಿನ ರೂಪ. ಆ ಸೀಮೆಯಲ್ಲಿ ಹೋರಿ ಎಂದರೆ ಬಲ, ಮಳೆ, ಸಂತಾನ. ಜನ ಕರುವನ್ನೇ ದೇವರೆಂದು ತಿಳಿದಿರಲಿಕ್ಕಿಲ್ಲ, ಕಣ್ಣಿಗೆ ಕಾಣದ ದೇವರು ಅದರ ಮೇಲೆ ನಿಲ್ಲುತ್ತಾನೆ ಎಂದು ಭಾವಿಸಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ವಾಹನ. ಹಾಗಿದ್ದರೂ ಮೋಶೆ ಅದನ್ನು ಸುಟ್ಟು, ಪುಡಿಮಾಡಿ, ನೀರಿಗೆ ಬೆರೆಸಿ ಜನರಿಗೆ ಕುಡಿಸಿದ. ಆ ದಿನ ಸುಮಾರು 3000 ಮಂದಿ ಸತ್ತರು. ಓದಲು ಕಷ್ಟವಾಗುವ ಅಧ್ಯಾಯ ಅದು, ಅದರ ಕಾಠಿಣ್ಯವನ್ನು ಮೆದುಗೊಳಿಸಿ ಹೇಳುವುದು ಸರಿಯಲ್ಲ.

ಮೋಶೆ ಕೇಳಿದಾಗ ಆರೋನ ಕೊಟ್ಟ ಉತ್ತರ ಮಾತ್ರ ಈ ಇಡೀ ವಿಷಯದ ಬೀಗದ ಕೈ ಎಂದು ನನಗೆ ಅನ್ನಿಸುತ್ತದೆ. ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಎನ್ನುತ್ತಾನೆ ಅವನು. ಇಪ್ಪತ್ತು ವಚನಗಳ ಹಿಂದಷ್ಟೇ ಅದಕ್ಕೆ ಅವನೇ ರೂಪ ಕೊಟ್ಟದ್ದನ್ನು ಓದಿರುತ್ತೇವೆ. ತನ್ನ ಕೈಯಾರೆ ಮಾಡಿದ್ದನ್ನು ತಾನು ಮಾಡಲೇ ಇಲ್ಲ, ಅದು ತಾನಾಗಿ ಬಂತು ಎಂದು ನಂಬುವುದು, ನಂಬಿಸುವುದು. ಪ್ರವಾದಿಗಳು ಮುಂದೆ ನೂರಾರು ವರ್ಷ ಕೈ ಮಾಡಿ ತೋರಿಸಿದ ಅಪಾಯ ಇದೇ.

ಹಾಗಾದರೆ ಬೈಬಲ್ ಶಿಲ್ಪಕಲೆಗೇ ವಿರೋಧವೇ? ಅಲ್ಲ. ಅದೇ ವಿಮೋಚನಕಾಂಡದಲ್ಲಿ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮೇಲೆ ಚಿನ್ನದ ಕೆರೂಬಿಗಳನ್ನು, ಅಂದರೆ ರೆಕ್ಕೆಯುಳ್ಳ ದೈವದೂತರ ರೂಪಗಳನ್ನು, ಮಾಡಬೇಕೆಂಬ ಆಜ್ಞೆ ಇದೆ. ಬೆಚಲೇಲನೆಂಬ ಕುಶಲಕರ್ಮಿಯಲ್ಲಿ ದೇವರ ಆತ್ಮ ತುಂಬಿತ್ತು ಎನ್ನುತ್ತದೆ ಗ್ರಂಥ. ಸೊಲೊಮೋನನ ದೇವಾಲಯದ ಅಂಗಳದಲ್ಲಿದ್ದ ದೊಡ್ಡ ತಾಮ್ರದ ನೀರಿನ ಪಾತ್ರೆ 12 ಎತ್ತುಗಳ ಬೆನ್ನ ಮೇಲೆ ನಿಂತಿತ್ತು. ಹತ್ತು ಆಜ್ಞೆಗಳು ತಡೆಯುವುದು ಪ್ರತಿಮೆಗೆ ಅಡ್ಡಬಿದ್ದು ಪೂಜಿಸುವುದನ್ನು. (ಆಜ್ಞೆಗಳನ್ನು ಎಣಿಸುವ ಕ್ರಮದಲ್ಲೇ ಕ್ರೈಸ್ತ ಸಭೆಗಳ ನಡುವೆ ವ್ಯತ್ಯಾಸವಿದೆ. ಕಥೋಲಿಕರೂ ಲೂಥರನ್ನರೂ ಇದನ್ನು ಮೊದಲನೆಯ ಆಜ್ಞೆಯ ಭಾಗವಾಗಿ ಎಣಿಸುತ್ತಾರೆ, ಉಳಿದ ಬಹುತೇಕ ಪ್ರೊಟೆಸ್ಟಂಟರು ಎರಡನೆಯ ಆಜ್ಞೆಯೆಂದು ಕಲಿಯುತ್ತಾರೆ.) ಏಕೆ ಬೇಡ ಎಂಬುದಕ್ಕೆ ಧರ್ಮೋಪದೇಶಕಾಂಡದ ನಾಲ್ಕನೇ ಅಧ್ಯಾಯ ಕೊಡುವ ಕಾರಣ ಸರಳವಾಗಿದೆ: ಹೋರೇಬಿನಲ್ಲಿ (ಸೀನಾಯಿ ಬೆಟ್ಟದಲ್ಲಿ) ಬೆಂಕಿಯೊಳಗಿಂದ ನೀವು ಮಾತನ್ನು ಕೇಳಿದಿರಿ, ಯಾವ ರೂಪವನ್ನೂ ಕಾಣಲಿಲ್ಲ. ಕೇಳಿದ ಮಾತನ್ನು ಪಾಲಿಸಬೇಕು, ಇಲ್ಲವೇ ಮೀರಬೇಕು. ಬೇಕಾದ ಕಡೆಗೆ ಹೊತ್ತೊಯ್ದು ನಿಲ್ಲಿಸಲು ಅದು ಒದಗುವುದಿಲ್ಲ.

ಹೊತ್ತೊಯ್ದು ನಿಲ್ಲಿಸುವುದರಲ್ಲಿ ಎಷ್ಟು ಅನುಕೂಲವಿದೆ ಎಂಬುದನ್ನು ಯಾರೊಬ್ಬಾಮ ತೋರಿಸಿಕೊಟ್ಟ. ಸೊಲೊಮೋನನ ನಂತರ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಎರಡಾಯಿತು. ಉತ್ತರದ ಹತ್ತು ಕುಲಗಳು ಯಾರೊಬ್ಬಾಮನ ಕೈಗೆ ಬಂದವು, ದೇವಾಲಯವಿದ್ದ ಯೆರೂಸಲೇಮ್ ದಕ್ಷಿಣದಲ್ಲಿ ರೆಹಬ್ಬಾಮನ ಬಳಿ ಉಳಿಯಿತು. ಜನ ಯಜ್ಞಕ್ಕೆಂದು ಯೆರೂಸಲೇಮಿಗೆ ಹೋಗುತ್ತಿದ್ದರೆ ಅವರ ಮನಸ್ಸು ಹಳೆಯ ಒಡೆಯನ ಕಡೆಗೆ ತಿರುಗೀತು, ನನ್ನನ್ನು ಕೊಂದಾರು ಎಂದು ಅವನು ಯೋಚಿಸಿದ. ಎರಡು ಚಿನ್ನದ ಕರುಗಳನ್ನು ಮಾಡಿಸಿ ಒಂದನ್ನು ಬೇತೇಲಿನಲ್ಲಿ, ಇನ್ನೊಂದನ್ನು ದಾನಿನಲ್ಲಿ ಇಟ್ಟ. ಅಷ್ಟು ದೂರ ಹೋಗುವುದು ನಿಮಗೆ ತ್ರಾಸ, ನಿಮ್ಮನ್ನು ಐಗುಪ್ತದಿಂದ ಕರೆತಂದ ದೇವರು ಇಲ್ಲೇ ಇದ್ದಾನೆ ಎಂದ. ಸಿಂಹಾಸನ ಉಳಿಸಿಕೊಳ್ಳುವ ಲೆಕ್ಕಾಚಾರ ಜನರ ಸೌಕರ್ಯದ ವೇಷ ತೊಟ್ಟು ಬಂತು. ಇಸ್ರೇಲಿನ ಉತ್ತರ ತುದಿಯ ತೆಲ್ ದಾನಿನಲ್ಲಿ 1966ರಿಂದ ನಡೆದ ಉತ್ಖನನದಲ್ಲಿ ಆ ಕಾಲದ ಪೂಜಾಸ್ಥಳದ ವಿಶಾಲವಾದ ಕಲ್ಲಿನ ಜಗಲಿ ಸಿಕ್ಕಿದೆ, ಕರು ಸಿಕ್ಕಿಲ್ಲ. ಅರಸುಗಳ ಪುಸ್ತಕಗಳು ಮುಂದಿನ ಉತ್ತರದ ಅರಸರಲ್ಲಿ ಹೆಚ್ಚುಕಡಿಮೆ ಎಲ್ಲರ ಮೇಲೂ ಒಂದೇ ತೀರ್ಪು ಬರೆಯುತ್ತವೆ: ಯಾರೊಬ್ಬಾಮನ ಪಾಪವನ್ನು ಬಿಡಲಿಲ್ಲ.

ಕಾನಾನ್ ನಾಡಿನ ದೇವರಾದ ಬಾಳನ ವಿಷಯ ಇದಕ್ಕಿಂತ ಆಳವಾದದ್ದು, ಏಕೆಂದರೆ ಅಲ್ಲಿ ಹೊಟ್ಟೆಯ ಪ್ರಶ್ನೆಯಿತ್ತು. ಐಗುಪ್ತದಲ್ಲಿ ನೈಲ್ ನದಿ ಇತ್ತು, ಕಾಲುವೆಯಿಂದ ನೀರು ಹಾಯಿಸಿದರೆ ಬೆಳೆ ಬರುತ್ತಿತ್ತು. ಕಾನಾನ್ ಬೆಟ್ಟ ಹಳ್ಳಗಳ ನಾಡು, ಆಕಾಶದ ಮಳೆಯನ್ನೇ ನಂಬಿದ ಭೂಮಿ. ಧರ್ಮೋಪದೇಶಕಾಂಡದ 11ನೇ ಅಧ್ಯಾಯ ಈ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತದೆ. ಬಿತ್ತನೆಗೆ ಅಕ್ಟೋಬರ್ ನವೆಂಬರಿನಲ್ಲಿ ಮೊದಲ ಮಳೆ ಬೀಳಬೇಕು, ಕಾಳು ಗಟ್ಟಿಯಾಗಲು ಮಾರ್ಚ್ ಏಪ್ರಿಲಿನಲ್ಲಿ ಕೊನೆಯ ಮಳೆ ಬೀಳಬೇಕು. ಇವೆರಡನ್ನೂ ಕನ್ನಡ ಬೈಬಲ್ ಮುಂಗಾರು, ಹಿಂಗಾರು ಎಂದೇ ಕರೆಯುತ್ತದೆ. ಒಂದು ಕೈಕೊಟ್ಟರೂ ಮನೆಯಲ್ಲಿ ಹಿಟ್ಟಿಲ್ಲ. ಅಂಥ ನೆಲದಲ್ಲಿ ಬಾಳ್ ಮಳೆಯ ದೇವರು. 1928ರಲ್ಲಿ ಸಿರಿಯದ ಕರಾವಳಿಯಲ್ಲಿ ರೈತನೊಬ್ಬ ಉಳುವಾಗ ಹಳೆಯ ಸಮಾಧಿಯೊಂದು ಬೆಳಕಿಗೆ ಬಂತು. ಮರುವರ್ಷ ಅಗೆತ ಶುರುವಾಗಿ ಉಗಾರಿತ್ ಎಂಬ ಪಟ್ಟಣವೇ ಸಿಕ್ಕಿತು. ಅಲ್ಲಿನ ಜೇಡಿಮಣ್ಣಿನ ಹಲಗೆಗಳಲ್ಲಿ ಬಾಳನ ಕಥೆಗಳಿವೆ. ಮೋಡಗಳನ್ನೇರಿ ಬರುವವನು ಅವನು. ಸಾವಿನ ದೇವರಾದ ಮೋತ್ ಅವನನ್ನು ನುಂಗಿದಾಗ ಹೊಲಗಳು ಒಣಗುತ್ತವೆ, ಅವನು ಮತ್ತೆ ಎದ್ದು ಬಂದಾಗ ಹಳ್ಳಗಳು ಹರಿಯುತ್ತವೆ.

ಹೊಸದಾಗಿ ಹೊಲ ಉಳಲು ಕಲಿತ ಇಸ್ರಾಯೇಲ್ಯ ಒಕ್ಕಲಿಗನಿಗೆ ಇದರ ಸೆಳೆತ ಎಷ್ಟಿದ್ದೀತು ಎಂಬುದು ಮಳೆ ನಂಬಿ ಬಿತ್ತುವ ಯಾರಿಗಾದರೂ ಅರ್ಥವಾಗುತ್ತದೆ. ಅವನು ಯೆಹೋವನನ್ನು ಬಿಡಲಿಲ್ಲ. ಗುಲಾಮಗಿರಿಯಿಂದ ಬಿಡಿಸಲು, ಯುದ್ಧದಲ್ಲಿ ಕಾಯಲು ಯೆಹೋವ. ಮಳೆಗೆ, ದನಕರುವಿಗೆ, ಮಕ್ಕಳಿಗೆ ಬಾಳ್ ಮತ್ತು ಅಶೇರ ಎಂಬ ದೇವಿ. ಎರಡನ್ನೂ ಜೊತೆಗಿಟ್ಟುಕೊಂಡ. ಸೀನಾಯಿ ಸೀಮೆಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975–76ರಲ್ಲಿ ಸಿಕ್ಕ ದೊಡ್ಡ ಮಣ್ಣಿನ ಹರವಿಗಳ ಮೇಲೆ ಸುಮಾರು ಕ್ರಿ.ಪೂ. 800ರ ಕಾಲದ ಆಶೀರ್ವಾದದ ಬರಹವಿದೆ: ಸಮಾರ್ಯದ ಯೆಹೋವನ ಮತ್ತು ಅವನ ಅಶೇರದ ಹೆಸರಿನಲ್ಲಿ. ಪ್ರವಾದಿಗಳು ಕಲ್ಪಿಸಿಕೊಂಡು ಬೈಯುತ್ತಿರಲಿಲ್ಲ, ಕಣ್ಣೆದುರಿಗಿದ್ದುದನ್ನು ಹೇಳುತ್ತಿದ್ದರು. ಕರ್ಮೆಲ್ ಬೆಟ್ಟದಲ್ಲಿ, ವರ್ಷಗಟ್ಟಲೆ ಬರ ಬಿದ್ದ ನಾಡಿನ ಮುಂದೆ, ಬಾಳನ 450 ಮಂದಿ ಪ್ರವಾದಿಗಳ ಎದುರು ನಿಂತ ಪ್ರವಾದಿ ಎಲೀಯ ಜನರನ್ನು ಕೇಳಿದ್ದೂ ಅದನ್ನೇ: ಎಷ್ಟು ದಿನ ಎರಡು ಕಡೆ ಕುಂಟುತ್ತೀರಿ? ಪ್ರವಾದಿ ಹೋಶೇಯ ಇದನ್ನು ಮುರಿದ ಮದುವೆಯ ದುಃಖವಾಗಿ, ಇಸ್ರಾಯೇಲನ್ನು ದೂರ ಹೋದ ಹೆಂಡತಿಯಾಗಿ ಕಂಡ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಕೊಟ್ಟವನು ನಾನು ಎಂಬುದು ಅವಳಿಗೆ ತಿಳಿಯಲೇ ಇಲ್ಲ, ನಾನು ಕೊಟ್ಟ ಬೆಳ್ಳಿ ಬಂಗಾರವನ್ನು ಬಾಳನಿಗೆ ಒಪ್ಪಿಸಿದಳು ಎಂದು ಅವನ ಗ್ರಂಥದಲ್ಲಿ ದೇವರು ಹೇಳುತ್ತಾರೆ. ಅದರಲ್ಲಿ ಕೋಪಕ್ಕಿಂತ ನೋವೇ ಮುಂದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಳೆಗೆ ಯಾರನ್ನು ಬೇಡಿಕೊಂಡರೆ ಯಾರಿಗೇನು ನಷ್ಟ? ಬೈಬಲ್ ಕೊಡುವ ಉತ್ತರ ನಾಬೋತನ ದ್ರಾಕ್ಷಿತೋಟದಲ್ಲಿದೆ. ಬಾಳನ ಪೂಜೆಗೆ ತನ್ನ ರಾಜಧಾನಿ ಸಮಾರ್ಯದಲ್ಲಿ ಗುಡಿ ಕಟ್ಟಿಸಿದ ಉತ್ತರದ ಅರಸ ಅಹಾಬನಿಗೆ ಇಜ್ರೇಲಿನ ಅರಮನೆಯ ಪಕ್ಕದ ತೋಟವೊಂದು ಕಾಯಿಪಲ್ಯ ಬೆಳೆಯಲು ಬೇಕಾಯಿತು. ಪಿತ್ರಾರ್ಜಿತ ಜಮೀನು, ಕೊಡಲಾರೆ ಎಂದ ನಾಬೋತ. ಇಸ್ರಾಯೇಲಿನಲ್ಲಿ ಭೂಮಿ ದೇವರದು, ಅರಸನೂ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬ ಕಟ್ಟಳೆ ಅವನ ಬೆನ್ನಿಗಿತ್ತು. ರಾಣಿ ಈಜೆಬೆಲಳು ಬಂದ ನಾಡಿನಲ್ಲಿ ಅರಸನ ಮಾತಿಗೆ ಅಂಥ ಅಡ್ಡಿ ಇರಲಿಲ್ಲವೇನೋ. ಅವಳು ಊರ ಹಿರಿಯರಿಗೆ ಅರಸನ ಮುದ್ರೆ ಒತ್ತಿದ ಪತ್ರ ಬರೆದಳು, ಇಬ್ಬರು ಸುಳ್ಳುಸಾಕ್ಷಿಗಳನ್ನು ಗೊತ್ತುಮಾಡಿಸಿದಳು. ಹೊರಿಸಿದ ಆರೋಪ ಯಾವುದೆಂದು ನೋಡಿ: ದೇವರನ್ನೂ ಅರಸನನ್ನೂ ಶಪಿಸಿದ್ದಾನೆ. ಕಲ್ಲೆಸೆದು ಕೊಂದರು. ಕೊಂದೆಯಲ್ಲ, ಈಗ ಆಸ್ತಿಯನ್ನೂ ವಶಮಾಡಿಕೊಂಡೆಯಾ ಎಂದು ಎಲೀಯ ಆ ತೋಟದಲ್ಲೇ ಅಹಾಬನನ್ನು ತಡೆದು ನಿಲ್ಲಿಸಿದ. ಆ ಅಧ್ಯಾಯ ಮುಗಿಯುವ ಮುನ್ನ ನಿರೂಪಕ ಅಹಾಬನ ವಿಗ್ರಹಾರಾಧನೆಯನ್ನು ನೆನಪಿಸುತ್ತಾನೆ. ಅವನ ಪಾಲಿಗೆ ಕರ್ಮೆಲ್ ಬೆಟ್ಟವೂ ನಾಬೋತನ ತೋಟವೂ ಒಂದೇ ಕಥೆ. ನ್ಯಾಯ ಕೇಳುವ ದೇವರ ಜಾಗದಲ್ಲಿ ಬೇಕಾದ್ದನ್ನು ಕೊಡುವ ದೇವರು ಬಂದು ಕೂತರೆ ಬಡವನ ಹೊಲಕ್ಕೆ ಬೇಲಿ ಇಲ್ಲ.

ಇದರ ಅತಿ ಭೀಕರ ಕೊನೆ ಯೆರೂಸಲೇಮಿನ ಪಕ್ಕದ ಬೆನ್‌ಹಿನ್ನೋಮ್ ಕಣಿವೆಯಲ್ಲಿ ನಡೆಯಿತು. ಅಲ್ಲಿನ ತೋಫೆತ್ ಎಂಬ ಬಲಿಸ್ಥಳದಲ್ಲಿ ಜನ ತಮ್ಮ ಗಂಡು ಹೆಣ್ಣು ಮಕ್ಕಳನ್ನೇ ಬೆಂಕಿಗೆ ಅರ್ಪಿಸಿದರು ಎಂದು ಯೆರೆಮೀಯ ಬರೆಯುತ್ತಾನೆ. ನಾನು ಅದನ್ನು ಆಜ್ಞಾಪಿಸಲಿಲ್ಲ, ಅದು ನನ್ನ ಮನಸ್ಸಿಗೂ ಬರಲಿಲ್ಲ ಎಂದು ದೇವರು ಹೇಳುತ್ತಾರೆ. ಹೀಗೆ ನಿರಾಕರಿಸಬೇಕಾಯಿತು ಎಂದರೆ, ಅದು ದೇವರ ಆಜ್ಞೆಯೇ ಎಂದು ಆ ಹೆತ್ತವರು ನಂಬಿದ್ದಿರಬೇಕು.

ಆದಿಕಾಂಡದ ಮೊದಲ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಐಗುಪ್ತ, ಮೆಸೊಪೊಟೇಮಿಯಗಳಲ್ಲಿ ದೇವರ ಪ್ರತಿರೂಪ ಎಂದು ಕರೆಸಿಕೊಳ್ಳುತ್ತಿದ್ದವನು ಅರಸ. ಆದಿಕಾಂಡ ಆ ಗೌರವವನ್ನು ಗಂಡು ಹೆಣ್ಣೆನ್ನದೆ ಎಲ್ಲ ಮನುಷ್ಯರಿಗೂ ಹಂಚಿಬಿಟ್ಟಿತು. ದೇವರಿಗೆ ಪ್ರತಿರೂಪವೊಂದು ಆಗಲೇ ಇದೆ, ಅದು ಎದುರಿಗೆ ಉಸಿರಾಡುತ್ತಿದೆ. ಬಡವನನ್ನು ಹಿಂಸಿಸುವವನು ಅವನ ಸೃಷ್ಟಿಕರ್ತನನ್ನೇ ಹೀಯಾಳಿಸುತ್ತಾನೆ ಎಂದು ಜ್ಞಾನೋಕ್ತಿಗಳು ಹೇಳುವುದು ಇದೇ ಬೇರಿನಿಂದ.

ಇನ್ನು, ಹೆಚ್ಚು ತಪ್ಪಾಗಿ ಬಳಕೆಯಾಗುವ ಭಾಗಕ್ಕೆ ಬರೋಣ. ಯೆಶಾಯನ 44ನೇ ಅಧ್ಯಾಯದ ಬಡಗಿ ಒಂದೇ ಮರದ ಅರ್ಧದಿಂದ ರೊಟ್ಟಿ ಸುಟ್ಟು ಚಳಿ ಕಾಯಿಸಿಕೊಳ್ಳುತ್ತಾನೆ, ಉಳಿದರ್ಧವನ್ನು ದೇವರು ಮಾಡಿ ಕಾಪಾಡು ಎನ್ನುತ್ತಾನೆ. 115ನೇ ಕೀರ್ತನೆಯಲ್ಲಿ ವಿಗ್ರಹಗಳಿಗೆ ಬಾಯಿದ್ದರೂ ಮಾತಿಲ್ಲ, ಕಣ್ಣಿದ್ದರೂ ನೋಟವಿಲ್ಲ. ಇವು ಹರಿತವಾದ ಮಾತುಗಳು. ಆದರೆ ಆಡಿದವರು ಯಾರು? ಯೆಶಾಯನ ಆ ಅಧ್ಯಾಯಗಳ ಹಿನ್ನೆಲೆ ಬಾಬೆಲಿನ (ಬ್ಯಾಬಿಲೋನಿನ) ಸೆರೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಸುಟ್ಟುಹೋಗಿತ್ತು, ದೇವಾಲಯ ಬೂದಿಯಾಗಿತ್ತು, ಸೋತವರನ್ನು ನೂರಾರು ಮೈಲಿ ಆಚೆ ಕೊಂಡೊಯ್ದಿದ್ದರು. ಗೆದ್ದವರ ರಾಜಧಾನಿಯಲ್ಲಿ ಗೆದ್ದವರ ದೇವರುಗಳ ಮೆರವಣಿಗೆ ನಡೆಯುತ್ತಿತ್ತು. ಅದನ್ನು ನೋಡುತ್ತ, ಹೆದರಬೇಡಿ, ಅವರ ಬೇಲ್ ನೆಬೋಗಳನ್ನು ದನಗಳು ಹೊತ್ತು ಬಳಲುತ್ತವೆ, ನಿಮ್ಮನ್ನಾದರೋ ಹುಟ್ಟಿದಂದಿನಿಂದ ನಾನೇ ಹೊತ್ತಿದ್ದೇನೆ ಎಂದು ಸೆರೆಯಾಳುಗಳಿಗೆ ಹೇಳಿದ ಮಾತು ಅದು. ಸಾಮ್ರಾಜ್ಯದ ಎದುರು ನೆಲಕಚ್ಚಿದವರಿಗೆ ಧೈರ್ಯ ಕೊಟ್ಟ ಮಾತನ್ನು ಎತ್ತಿಕೊಂಡು ಇನ್ನೊಬ್ಬ ಬಡವನ ಭಕ್ತಿಯನ್ನು ಗೇಲಿ ಮಾಡಿದರೆ ಅದರ ಜೀವವೇ ಹೋಗುತ್ತದೆ.

ಮರ ಕಲ್ಲುಗಳೇ ದೇವರೆಂದು ಬಾಬೆಲಿನವರೂ ಸುಮ್ಮನೆ ನಂಬಿರಲಿಲ್ಲ. ಹೊಸ ವಿಗ್ರಹಕ್ಕೆ ಅವರಲ್ಲಿ ಬಾಯಿ ತೊಳೆಯುವ ವಿಧಿ ಇತ್ತು. ಅದಾದ ಮೇಲಷ್ಟೇ ಅದರಲ್ಲಿ ದೈವ ನೆಲೆಸುತ್ತಿತ್ತು. ಪ್ರಾಣಪ್ರತಿಷ್ಠೆ ಬಲ್ಲ ನಮಗೆ ಇದು ತೀರಾ ಹೊಸದಲ್ಲ. ಆ ವಿಧಿಯಲ್ಲಿ ಶಿಲ್ಪಿಗಳ ಕೈಗಳನ್ನು ಮರದ ಕತ್ತಿಯಿಂದ ಸಾಂಕೇತಿಕವಾಗಿ ಕಡಿಯುತ್ತಿದ್ದರು, ಇದನ್ನು ನಾನು ಮಾಡಲಿಲ್ಲ ಎಂದು ಶಿಲ್ಪಿಗಳು ಪ್ರಮಾಣ ಮಾಡುತ್ತಿದ್ದರು. ಯೆಶಾಯನು ಮರ ಕಡಿಯುವುದರಿಂದ ಹಿಡಿದು ಉಳಿ, ಕೈವಾರಗಳವರೆಗೆ ಬಡಗಿಯ ಕೆಲಸವನ್ನು ಒಂದೊಂದಾಗಿ ವರ್ಣಿಸುವುದನ್ನು ಆ ಪ್ರಮಾಣಕ್ಕೆ ಕೊಟ್ಟ ಉತ್ತರವೆಂದು ಓದಬಹುದು. 115ನೇ ಕೀರ್ತನೆಯ ಅತಿ ಗಂಭೀರ ಸಾಲು ಬರುವುದು ಆ ಬಾಯಿ ಕಣ್ಣುಗಳ ಮಾತಿನ ನಂತರ: ಅವುಗಳನ್ನು ಮಾಡುವವರೂ ನಂಬುವವರೂ ಅವುಗಳಂತೆಯೇ ಆಗುತ್ತಾರೆ. ಕಣ್ಣಿದ್ದೂ ಕಾಣದವರು, ಕಿವಿಯಿದ್ದೂ ಕೇಳದವರು. ಯೆಶಾಯ ತನ್ನ ಆರನೇ ಅಧ್ಯಾಯದಲ್ಲಿ ಇದೇ ಮಾತನ್ನು ಹೇಳಿದ್ದು ಯೆರೂಸಲೇಮಿನ ಜನರಿಗೆ, ಮನೆಗೆ ಮನೆ ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತಿದ್ದ ದೇವಾಲಯದ ಭಕ್ತರಿಗೆ.

ತನ್ನ ವಾದಕ್ಕೆ ತೊಡಕಾಗುವ ದನಿಯನ್ನೂ ಬೈಬಲ್ ಅಳಿಸಿಲ್ಲ. ಯೆರೆಮೀಯನ 44ನೇ ಅಧ್ಯಾಯದಲ್ಲಿ, ನಾಡು ಹಾಳಾಗಿ ಐಗುಪ್ತಕ್ಕೆ ಓಡಿಬಂದ ಹೆಂಗಸರೂ ಗಂಡಸರೂ ಪ್ರವಾದಿಗೆ ನೇರವಾಗಿ ಉತ್ತರಿಸುತ್ತಾರೆ: ಗಗನದ ಒಡತಿಗೆ ನೈವೇದ್ಯ ಮಾಡುತ್ತಿದ್ದಾಗ ಹೊಟ್ಟೆ ತುಂಬ ಊಟವಿತ್ತು, ಬಿಟ್ಟ ಮೇಲೆ ಕತ್ತಿ ಬಂತು, ಹಸಿವು ಬಂತು. ಯೆರೆಮೀಯ ಒಪ್ಪುವುದಿಲ್ಲ. ಆದರೂ ಅವರ ನೋವಿನ ಮಾತು ಗ್ರಂಥದಲ್ಲಿ ಹಾಗೆಯೇ ಉಳಿದಿದೆ.

ದೇವರೇ ಕೊಟ್ಟ ವಸ್ತುವೂ ವಿಗ್ರಹವಾದೀತು ಎಂಬುದಕ್ಕೆ ನೆಹುಷ್ಟಾನ್ ಸಾಕ್ಷಿ. ಅರಣ್ಯದಲ್ಲಿ ಹಾವು ಕಚ್ಚಿದವರು ಬದುಕಲೆಂದು ದೇವರ ಅಪ್ಪಣೆಯಂತೆ ಮೋಶೆ ತಾಮ್ರದ ಸರ್ಪವೊಂದನ್ನು ಕಂಬಕ್ಕೇರಿಸಿದ್ದ. ಶತಮಾನಗಳ ಬಳಿಕ ದಕ್ಷಿಣದ ಯೆಹೂದ ರಾಜ್ಯದ ಅರಸ ಹಿಜ್ಕೀಯ ನೋಡಿದಾಗ ಜನ ಅದಕ್ಕೆ ಧೂಪ ಹಾಕುತ್ತಿದ್ದರು. ಮೋಶೆಯ ಕೈಯ ವಸ್ತು ಎಂದು ಉಳಿಸಲಿಲ್ಲ, ಚೂರುಚೂರು ಮಾಡಿಸಿದ. ದೇವಾಲಯವೂ ಹೀಗೆಯೇ ವಿಗ್ರಹವಾಯಿತು. ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸಿ ಬಂದು ಇದು ಯೆಹೋವನ ಆಲಯ, ಯೆಹೋವನ ಆಲಯ ಎಂದು ಜಪಿಸಿದರೆ ಪ್ರಯೋಜನವಿಲ್ಲ ಎಂದು ಯೆರೆಮೀಯ ಅದರ ಬಾಗಿಲಲ್ಲೇ ನಿಂತು ಸಾರಿದ. ಯೆಹೆಜ್ಕೇಲನಂತೂ ತನ್ನ ಮುಂದೆ ಕೂತ ಹಿರಿಯರು ವಿಗ್ರಹಗಳನ್ನು ಹೃದಯದೊಳಗೇ ಇಟ್ಟುಕೊಂಡಿದ್ದಾರೆ ಎಂದ. ಇಲ್ಲಿಂದ ಹೊಸ ಒಡಂಬಡಿಕೆಗೆ ಒಂದೇ ಹೆಜ್ಜೆ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಎನ್ನುತ್ತಾರೆ ಯೇಸು. ಲೋಭವೇ ವಿಗ್ರಹಾರಾಧನೆ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರ ನೇರವಾಗಿ ಹೇಳುತ್ತದೆ. ನಮ್ಮ ಸಭೆಗಳ ಪ್ರಸಂಗಗಳಲ್ಲಿ ಕಲ್ಲಿನ ಬಗ್ಗೆ ಕೇಳಿದಷ್ಟು ಲೋಭದ ಬಗ್ಗೆ ಕೇಳುವುದಿಲ್ಲ.

ಹಾಗಾದರೆ ಹೊರಗಿನವರ ಪೂಜಾಸ್ಥಳಗಳನ್ನು ಕೆಡವಿರಿ ಎಂಬ ಆಜ್ಞೆ ಬೈಬಲಿನಲ್ಲಿ ಇಲ್ಲವೇ? ಇದೆ. ಧರ್ಮೋಪದೇಶಕಾಂಡದ 7 ಮತ್ತು 12ನೇ ಅಧ್ಯಾಯಗಳು ಕಾನಾನಿನ ಬಲಿಪೀಠಗಳನ್ನು ಒಡೆಯಲು ಹೇಳುತ್ತವೆ. ಆ ಆಜ್ಞೆ ಒಂದು ಕಾಲಕ್ಕೆ, ಒಂದು ನಾಡಿಗೆ, ಒಂದು ಜನಾಂಗಕ್ಕೆ ಕೊಟ್ಟದ್ದು. ಎಲ್ಲ ದೇಶಗಳಲ್ಲೂ ಹೀಗೆ ಮಾಡಿ ಎಂದು ಗ್ರಂಥ ಎಲ್ಲೂ ಹೇಳುವುದಿಲ್ಲ. ಸಿರಿಯದ ಸೇನಾಪತಿ ನಾಮಾನನು ಕುಷ್ಠದಿಂದ ವಾಸಿಯಾದ ಮೇಲೆ ಪ್ರವಾದಿ ಎಲೀಷನನ್ನು ಕೇಳಿಕೊಂಡ: ನನ್ನ ಅರಸ ರಿಮ್ಮೋನನ ಗುಡಿಗೆ ಹೋಗಿ ನನ್ನ ಕೈ ಆತು ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಯೆಹೋವ ಕ್ಷಮಿಸಲಿ. ಎಲೀಷ ಹೇಳಿದ್ದು ಸಮಾಧಾನದಿಂದ ಹೋಗು ಎಂದಷ್ಟೇ. ಎಫೆಸದಲ್ಲಿ ಅರ್ತೆಮೀ ದೇವಿಯ ಹೆಸರಿನಲ್ಲಿ ಗಲಭೆ ಎದ್ದಾಗ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನ ಸಂಗಡಿಗರ ಪರವಾಗಿ ಊರಿನ ಅಧಿಕಾರಿಯೇ ಮಾತಾಡಿದ: ಇವರು ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೇ ಕೇಳುತ್ತಾನೆ: ವಿಗ್ರಹಗಳಿಗೆ ಅಸಹ್ಯಪಡುವ ನೀನು ಗುಡಿಗಳನ್ನು ದೋಚುತ್ತೀಯಾ?

ಕೊರಿಂಥದ ಸಭೆಯಲ್ಲಿ ಈ ಪ್ರಶ್ನೆ ಊಟದ ಎಲೆಗೇ ಬಂತು. ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಗಳಲ್ಲಿ ಬಲಿಕೊಟ್ಟದ್ದೂ ಇರುತ್ತಿತ್ತು, ತಿನ್ನಬಹುದೇ? ಹಬ್ಬದ ದಿನ ಪಕ್ಕದ ಮನೆಯಿಂದ ಪ್ರಸಾದ ಬಂದಾಗ ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಏಳುವ ಪ್ರಶ್ನೆಯೂ ಇದೇ, ಅದಕ್ಕೆ ಸಭೆ ಸಭೆಗೂ ಮನೆ ಮನೆಗೂ ಉತ್ತರ ಬೇರೆ. ಪೌಲನ ಉತ್ತರದಲ್ಲಿ ಎರಡು ಅಂಚುಗಳಿವೆ. ಬಲಿಯ ಪಂಕ್ತಿಯಲ್ಲಿ ಕೂತು ಭಾಗಿಗಳಾಗಬೇಡಿ, ಕರ್ತನ ಪಾತ್ರೆಯಲ್ಲಿ ಪಾಲು ತೆಗೆದುಕೊಂಡವರಿಗೆ ಅದು ಸಲ್ಲದು ಎಂದು ಅವನು ಖಂಡಿತವಾಗಿ ಹೇಳುತ್ತಾನೆ. ಆದರೆ ಪೇಟೆಯಲ್ಲಿ ಕೊಂಡದ್ದನ್ನು ತಿನ್ನಿ, ನಂಬದವರು ಊಟಕ್ಕೆ ಕರೆದು ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನಿ. ವಿಗ್ರಹ ಏನೂ ಅಲ್ಲ ಎಂಬುದು ನಮಗೆ ಗೊತ್ತು ಎನ್ನುತ್ತಾನೆ. ಗೊತ್ತಿರುವವರಿಗೇ ಅವನ ಎಚ್ಚರಿಕೆ: ಜ್ಞಾನ ಉಬ್ಬಿಸುತ್ತದೆ. ತಾನು ತಿನ್ನುವುದರಿಂದ ಸಹೋದರನೊಬ್ಬನ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ ಬದುಕಿರುವ ತನಕ ಮಾಂಸವನ್ನೇ ಮುಟ್ಟುವುದಿಲ್ಲ ಎಂದು ಬರೆದು ಅವನು ಆ ಸಭೆಗೆ ಬರೆದ ಮೊದಲ ಪತ್ರದ ಎಂಟನೇ ಅಧ್ಯಾಯವನ್ನು ಮುಗಿಸುತ್ತಾನೆ.